ತಾಪಮಾನದ ಪುಸ್ತಕ: ಸರ್ಕಾರಿ ವೈದ್ಯರ ನಾಯಕತ್ವ ತರಬೇತಿಯ ಕೆಲವು ನೆನಪುಗಳು

ನಾಲ್ಕೂವರೆ ವರ್ಷದ ಎಂ.ಬಿ.ಬಿ.ಎಸ್. ಪಾಠವನ್ನೂ ಒಂದು ವರ್ಷದ ಇಂಟರ್ನ್‌ಶಿಪ್ಪನ್ನೂ ಮುಗಿಸಿ ಸರ್ಕಾರಿ ಸೇವೆಗೆ ಸೇರುವ ವೈದ್ಯರು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಧಿಕಾರ ವಹಿಸಿಕೊಂಡ ದಿನವೇ ಎರಡು ಕೆಲಸಗಳಿಗೆ ಒಟ್ಟಿಗೆ ಸಹಿ ಹಾಕಿರುತ್ತಾರೆ. ಮೊದಲನೆಯದು ರೋಗಿಯನ್ನು ಪರೀಕ್ಷಿಸಿ ಔಷಧ ಬರೆಯುವ ಕೆಲಸ. ಅದಕ್ಕೆ ಕಾಲೇಜು ಅವರನ್ನು ಸಿದ್ಧಗೊಳಿಸಿರುತ್ತದೆ. ಎರಡನೆಯದು ಒಂದು ಕಚೇರಿಯನ್ನು ನಡೆಸುವ ಕೆಲಸ. ಬಯಲುಸೀಮೆಯಲ್ಲಿ 30,000 ಜನಕ್ಕೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 20,000 ಜನಕ್ಕೆ ಒಂದರಂತೆ ಇರಬೇಕಾದ ಈ ಕೇಂದ್ರದ ಕೆಳಗೆ ಹಲವು ಉಪಕೇಂದ್ರಗಳು, ಅವುಗಳಲ್ಲಿ ಊರೂರು ಅಲೆಯುವ ಆರೋಗ್ಯ ಸಹಾಯಕಿಯರು, ಫಾರ್ಮಸಿಸ್ಟ್, ಲ್ಯಾಬ್ ಟೆಕ್ನೀಷಿಯನ್, ಗುಮಾಸ್ತ, ಗ್ರೂಪ್ ಡಿ ನೌಕರರು, ಔಷಧದ ಇಂಡೆಂಟು, ಕ್ಯಾಶ್ ಬುಕ್ಕು, ಪಂಚಾಯಿತಿ ಸದಸ್ಯರ ದೂರು, ತಿಂಗಳ ವರದಿ ಎಲ್ಲವೂ ಸೇರಿರುತ್ತವೆ. ಈ ಎರಡನೆಯ ಕೆಲಸಕ್ಕೆ ವೈದ್ಯರನ್ನು ಯಾರೂ ಸಿದ್ಧಗೊಳಿಸಿರುವುದಿಲ್ಲ ಎಂಬುದು ಕರ್ನಾಟಕದ ಆರೋಗ್ಯ ಇಲಾಖೆಯಲ್ಲಿ ಮೂರು ದಶಕ ಕೆಲಸ ಮಾಡಿದ ಈ ಲೇಖಕನ ಅನುಭವ. ಆ ಕೊರತೆಯನ್ನು ತುಂಬಲು ನಡೆದ ತರಬೇತಿಗಳು ವೈದ್ಯರ ವೃತ್ತಿಜೀವನದಲ್ಲಿ ಏನನ್ನು ಬದಲಿಸಿದವು, ಏನನ್ನು ಬದಲಿಸಲಾರದೆ ಹೋದವು ಎಂಬುದನ್ನು ನೆನಪಿನಿಂದ ಹೆಕ್ಕಿ ದಾಖಲಿಸುವುದು ಈ ಬರಹದ ಉದ್ದೇಶ.

ನಾಯಕತ್ವ ಎಂಬ ಪದವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. ಕನ್ನಡದಲ್ಲಿ ನಾಯಕ ಎಂದೊಡನೆ ರಾಜಕಾರಣವೋ ಸಿನಿಮಾವೋ ಕಣ್ಣಮುಂದೆ ಬರುವುದರಿಂದ, ಆ ಪದವನ್ನು ತಮಗೆ ಅನ್ವಯಿಸಿಕೊಳ್ಳಲು ಬಹುಪಾಲು ವೈದ್ಯರು ಸಂಕೋಚಪಡುತ್ತಾರೆ. ತರಬೇತಿಯ ಪರಿಭಾಷೆಯಲ್ಲಿ ಆಡಳಿತ ಅಥವಾ ನಿರ್ವಹಣೆ ಎಂದರೆ ಇರುವ ಹಣ, ಜನ, ಸಾಮಗ್ರಿಗಳನ್ನು ನಿಯಮದ ಪ್ರಕಾರ ಹೊಂದಿಸಿ ಕೆಲಸ ಸಾಗಿಸುವುದು. ನಾಯಕತ್ವ ಎಂದರೆ ಆ ಕೆಲಸ ಏಕೆ ಮಾಡಬೇಕು ಎಂಬುದು ಜೊತೆಯವರ ಮನಸ್ಸಿಗೂ ಇಳಿಯುವಂತೆ ಮಾಡಿ, ಅವರು ಭಯವಿಲ್ಲದೆ ತಮ್ಮ ಶಕ್ತಿಯನ್ನು ಅದಕ್ಕೆ ಕೊಡುವಂಥ ವಾತಾವರಣವನ್ನು ಕಟ್ಟುವುದು. ಮೊದಲನೆಯದು ಸುತ್ತೋಲೆ ಓದಿ ಕಲಿಯಬಹುದಾದದ್ದು. ಎರಡನೆಯದನ್ನು ಕಲಿಸಬಹುದೇ ಎಂಬುದೇ ಬಹುಕಾಲ ಚರ್ಚೆಯಲ್ಲಿದ್ದ ಪ್ರಶ್ನೆ.

ವೈದ್ಯನು ಆಸ್ಪತ್ರೆಯ ಗೋಡೆಯ ಹೊರಗೂ ಹೊಣೆಗಾರ ಎಂಬ ವಿಚಾರ ಹೊಸದಲ್ಲ. 1946ರಲ್ಲಿ ವರದಿ ಸಲ್ಲಿಸಿದ ಭೋರ್ ಸಮಿತಿ, ಮುಂದಿನ ಭಾರತಕ್ಕೆ ಬೇಕಾದವನು ‘ಸಾಮಾಜಿಕ ವೈದ್ಯ’ ಎಂದು ಹೇಳಿ, ರೋಗ ತಡೆಗಟ್ಟುವ ಮತ್ತು ಸಾಮಾಜಿಕ ವೈದ್ಯಶಾಸ್ತ್ರದಲ್ಲಿ ಮೂರು ತಿಂಗಳ ತರಬೇತಿಯನ್ನು ಸೂಚಿಸಿತ್ತು. ಆ ಸೂಚನೆ ಪಠ್ಯದಲ್ಲಿ ಒಂದು ವಿಷಯವಾಗಿ ಉಳಿಯಿತೇ ಹೊರತು ವೈದ್ಯರ ನಡವಳಿಕೆಯಲ್ಲಿ ಇಳಿಯಲಿಲ್ಲ. ಕರ್ನಾಟಕದಲ್ಲಿ 1999ರ ಕೊನೆಗೆ ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯಲ್ಲಿ ರಚನೆಯಾಗಿ 2001ರ ಏಪ್ರಿಲ್‌ನಲ್ಲಿ ಅಂತಿಮ ವರದಿ ಕೊಟ್ಟ ಆರೋಗ್ಯ ಕಾರ್ಯಪಡೆ, ಸಮಾನತೆ, ಗುಣಮಟ್ಟ, ಪ್ರಾಮಾಣಿಕತೆ ಎಂಬ ಮೂರು ಮಾತುಗಳನ್ನು ಶೀರ್ಷಿಕೆಯಲ್ಲೇ ಇರಿಸಿಕೊಂಡಿತ್ತು. ಸುದರ್ಶನ್ ಅವರ ಕರುಣಾ ಟ್ರಸ್ಟ್ 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ಆಡಳಿತವನ್ನು ವಹಿಸಿಕೊಂಡಿದ್ದುದರಿಂದ, ಸರ್ಕಾರದ ಅದೇ ಕಟ್ಟಡ ಬೇರೆ ಬಗೆಯ ಮುಂದಾಳುತನದಲ್ಲಿ ಹೇಗೆ ನಡೆಯಬಹುದು ಎಂಬುದನ್ನು ಹೋಗಿ ನೋಡಿ ಬರುವ ಅವಕಾಶವೂ ಆ ಕಾಲದ ವೈದ್ಯರಿಗಿತ್ತು. ಆದರೂ ಈ ವಿಷಯ ತಾಲ್ಲೂಕು ಮಟ್ಟದ ವೈದ್ಯರ ಮೇಜಿನ ಮೇಲೆ ನಿಜವಾಗಿ ಬಂದು ಕೂತದ್ದು 2005ರ ನಂತರವೇ.

ಆ ವರ್ಷದ ಏಪ್ರಿಲ್ 12ರಂದು ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾಯಿತು. ಅದರಡಿ ಒಂದೊಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವರ್ಷಕ್ಕೆ 25,000 ರೂಪಾಯಿ ಮುಕ್ತ ನಿಧಿ, ಅಂದರೆ ಸ್ಥಳೀಯ ಅಗತ್ಯ ನೋಡಿ ಖರ್ಚು ಮಾಡಬಹುದಾದ ಹಣ, ಕಟ್ಟಡದ ನಿರ್ವಹಣೆಗೆ 50,000 ರೂಪಾಯಿ, ಮತ್ತು ಕರ್ನಾಟಕದಲ್ಲಿ ಆರೋಗ್ಯ ರಕ್ಷಾ ಸಮಿತಿ ಎಂದು ಹೆಸರಾದ ಸ್ಥಳೀಯ ಸಮಿತಿಗೆ ಒಂದು ಲಕ್ಷ ರೂಪಾಯಿ ಬರತೊಡಗಿತು. ಅಲ್ಲಿಯವರೆಗೆ ಒಂದು ಬಲ್ಬು ಬದಲಿಸಲೂ ಮೇಲಿನ ಕಚೇರಿಗೆ ಬರೆಯುತ್ತಿದ್ದ ವೈದ್ಯರ ಕೈಗೆ ಹಠಾತ್ತನೆ ತೀರ್ಮಾನ ತೆಗೆದುಕೊಳ್ಳುವ ಅಧಿಕಾರ ಬಂದಿತ್ತು. ಎಷ್ಟೋ ಕಡೆ ವೈದ್ಯರು ಆ ಹಣವನ್ನು ಮುಟ್ಟಲೇ ಇಲ್ಲ. ಮುಟ್ಟಿದರೆ ಲೆಕ್ಕ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೇವೆಂಬ ಭಯ ಅವರಿಗಿತ್ತು. ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಓಚರುಗಳನ್ನು ಹೊಂದಿಸಿ ಬಳಕೆ ಪ್ರಮಾಣಪತ್ರ ಕಳುಹಿಸಲು ಆಗುತ್ತಿದ್ದ ಗಡಿಬಿಡಿಯನ್ನು ಕಂಡವರಿಗೆ, ವೈದ್ಯರಿಗೆ ಕೊಟ್ಟ ಅಧಿಕಾರಕ್ಕೂ ಅದನ್ನು ಬಳಸುವ ಧೈರ್ಯಕ್ಕೂ ನಡುವೆ ಎಷ್ಟು ಅಂತರವಿತ್ತೆಂಬುದು ಗೊತ್ತು.

ಈ ಲೇಖಕ 1993ರಲ್ಲಿ ವೈದ್ಯಾಧಿಕಾರಿಯಾಗಿ ಸೇವೆಗೆ ಸೇರಿ, 2007ರಲ್ಲಿ ಬಯಲುಸೀಮೆಯ ಒಂದು ತಾಲ್ಲೂಕಿಗೆ ಆರೋಗ್ಯಾಧಿಕಾರಿಯಾದ. ತಾಲ್ಲೂಕಿನ ಎಲ್ಲ ಆರೋಗ್ಯ ಕೇಂದ್ರಗಳ ಮೇಲ್ವಿಚಾರಣೆ ಹೊತ್ತ ಆ ಹುದ್ದೆ ಅವನಿಗೆ ದೊರೆತದ್ದು ಸೇವಾ ಹಿರಿತನದಿಂದ. ಅದಕ್ಕಾಗಿ ಯಾವ ಪರೀಕ್ಷೆಯೂ ತರಬೇತಿಯೂ ಇರಲಿಲ್ಲ. ಆವರೆಗೆ ಅವನಿಗೆ ಗೊತ್ತಿದ್ದ ಏಕೈಕ ಮುಂದಾಳುತನದ ಮಾದರಿ ಬೋಧನಾಸ್ಪತ್ರೆಯ ವಾರ್ಡಿನದು. ಅಲ್ಲಿ ಯೂನಿಟ್ಟಿನ ಮುಖ್ಯಸ್ಥರು ಮಾತಾಡಿದರೆ ಸ್ನಾತಕೋತ್ತರ ವಿದ್ಯಾರ್ಥಿ ಬರೆದುಕೊಳ್ಳುತ್ತಾನೆ, ಅವನು ಹೇಳಿದ್ದನ್ನು ಹೌಸ್ ಸರ್ಜನ್ ಓಡಿಹೋಗಿ ಮಾಡುತ್ತಾನೆ, ತಪ್ಪಾದರೆ ರೋಗಿಯ ಮಂಚದ ಮುಂದೆಯೇ ಬೈಗುಳ ಬೀಳುತ್ತದೆ. ರಕ್ತಸ್ರಾವವಾಗುತ್ತಿರುವ ಬಾಣಂತಿಯ ಮುಂದೆ ನಿಂತಾಗ ಈ ಆಜ್ಞೆಯ ಕ್ರಮ ಜೀವ ಉಳಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಹದಿನೈದು ಮೈಲಿ ದೂರದ ಉಪಕೇಂದ್ರದಲ್ಲಿ ಒಬ್ಬಳೇ ಕೂತು ಕೆಲಸ ಮಾಡುವ ಆರೋಗ್ಯ ಸಹಾಯಕಿಯ ಬಳಿಗೆ ಅದೇ ಆಜ್ಞೆ ತಲುಪುವ ಹೊತ್ತಿಗೆ ಅದರಲ್ಲಿ ಉಳಿಯುವುದು ಭಯ ಮಾತ್ರ ಎಂಬುದು ಅವನಿಗೆ ಅರ್ಥವಾಗಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷಗಳಲ್ಲಿ ಅವನು ಬರೆದ ನೋಟಿಸುಗಳ ಕಡತ ದಪ್ಪವಾಗಿತ್ತು. ಕೆಲಸ ಮಾತ್ರ ಇದ್ದಲ್ಲೇ ಇತ್ತು.

ಆ ನೋಟಿಸುಗಳಲ್ಲಿ ಒಂದನ್ನು ಇಲ್ಲಿ ವಿವರವಾಗಿ ನೆನೆಯುವುದು ಅಗತ್ಯ, ಏಕೆಂದರೆ ಮುಂದಿನ ಕಲಿಕೆಯೆಲ್ಲ ಅದರ ಸುತ್ತಲೇ ಬೆಳೆಯಿತು. ಪ್ರತಿ ಆರೋಗ್ಯ ಕೇಂದ್ರದಲ್ಲೂ ಲಸಿಕೆಗಳನ್ನು ಇಡಲು ಐ.ಎಲ್.ಆರ್. ಎಂದು ಕರೆಯುವ ಪೆಟ್ಟಿಗೆಯಾಕಾರದ ಶೀತಕ ಇರುತ್ತದೆ. ಒಳಗೋಡೆಯಲ್ಲಿ ಮಂಜುಗಡ್ಡೆ ಕಟ್ಟಿಕೊಂಡು, ದಿನಕ್ಕೆ 8 ಗಂಟೆ ವಿದ್ಯುತ್ ಸಿಕ್ಕರೂ ತಂಪನ್ನು ಹಿಡಿದಿಡುವಂತೆ ಅದನ್ನು ರೂಪಿಸಲಾಗಿದೆ. ಅದರೊಳಗಿನ ಉಷ್ಣತೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು, ಅದನ್ನು ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ನೋಡಿ ಪುಸ್ತಕದಲ್ಲಿ ಬರೆಯಬೇಕು. ಒಂದು ಏಪ್ರಿಲ್ ತಿಂಗಳಲ್ಲಿ ಮುನ್ಸೂಚನೆ ಇಲ್ಲದೆ ಒಂದು ಕೇಂದ್ರಕ್ಕೆ ಹೋದಾಗ ಶೀತಕದ ಥರ್ಮಾಮೀಟರು 12 ಡಿಗ್ರಿ ತೋರಿಸುತ್ತಿತ್ತು. ಪೋಲಿಯೊ ಹನಿಯ ಬಾಟಲಿಗಳ ಮೇಲೆ ಒಂದು ಸಣ್ಣ ವೃತ್ತವೂ ಅದರೊಳಗೆ ಒಂದು ಚೌಕವೂ ಮುದ್ರಿತವಾಗಿರುತ್ತವೆ. ಬಿಸಿ ತಾಗಿದಷ್ಟೂ ಒಳಗಿನ ಚೌಕ ಕಪ್ಪಾಗುತ್ತ ಹೋಗಿ, ಹೊರಗಿನ ವೃತ್ತದ ಬಣ್ಣಕ್ಕೆ ಸರಿಸಮವಾದರೆ ಲಸಿಕೆ ಬಳಕೆಗೆ ಯೋಗ್ಯವಲ್ಲ ಎಂದರ್ಥ. ಅಂದು ಕೈಗೆತ್ತಿಕೊಂಡ ಬಾಟಲಿಗಳಲ್ಲಿ ಚೌಕಕ್ಕೂ ವೃತ್ತಕ್ಕೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ತಾಪಮಾನದ ಪುಸ್ತಕ ತೆರೆದರೆ ಅದರಲ್ಲಿ ಇಡೀ ತಿಂಗಳು, ಬೆಳಿಗ್ಗೆಯ ಕಾಲಮ್ಮಿನಲ್ಲೂ ಸಂಜೆಯ ಕಾಲಮ್ಮಿನಲ್ಲೂ, ಒಂದೇ ಕೈಬರಹದಲ್ಲಿ ಒಂದೇ ಶಾಯಿಯಲ್ಲಿ 4, 4, 4 ಎಂದೇ ಇತ್ತು. ಫಾರ್ಮಸಿಸ್ಟ್‌ಗೆ ಅಂದೇ ನೋಟಿಸ್ ಹೋಯಿತು, ಮೂರು ದಿನದಲ್ಲಿ ಸಮಜಾಯಿಷಿ ಬಂತು, ಎಚ್ಚರಿಕೆ ನೀಡಿ ಕಡತ ಮುಗಿಸಲಾಯಿತು, ಮುಂದಿನ ತಿಂಗಳ ಪುಸ್ತಕದಲ್ಲೂ ಎಲ್ಲವೂ 4 ಡಿಗ್ರಿಯಲ್ಲೇ ಇತ್ತು.

2009ರಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಗಳ ಒಂದು ಗುಂಪಿಗೆ ನಿರ್ವಹಣೆ ಮತ್ತು ನಾಯಕತ್ವದ ತರಬೇತಿ ಎಂದು ಆದೇಶ ಬಂದಾಗ, ಹೋದವರಲ್ಲಿ ಬಹುಪಾಲು ಜನ ಅದನ್ನು ಕೆಲಸದಿಂದ ಕೆಲವು ದಿನದ ಬಿಡುವು ಎಂದೇ ತಿಳಿದಿದ್ದರು. ಮಲೇರಿಯಾ, ಕ್ಷಯ, ಲಸಿಕೆ ಎಂದು ಬೆಂಗಳೂರಿಗೆ ಹೋಗಿ ಕೂತು ಬರುವುದು ಇಲಾಖೆಯಲ್ಲಿ ವಾಡಿಕೆಯಾಗಿತ್ತು. ಈ ತರಗತಿಗಳು ಬೇರೆ ರೀತಿಯಲ್ಲಿ ಆರಂಭವಾದವು. ಮೊದಲ ದಿನ ಕಲಿಸಿದ್ದು ಜೋಹಾರಿ ಕಿಟಕಿ ಎಂಬ ಅಭ್ಯಾಸ. 1955ರಲ್ಲಿ ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ಎಂಬ ಮನೋವಿಜ್ಞಾನಿಗಳು ರೂಪಿಸಿದ ಈ ಚೌಕಟ್ಟಿನಲ್ಲಿ ಒಬ್ಬ ವ್ಯಕ್ತಿಯ ಸ್ವಭಾವವನ್ನು ನಾಲ್ಕು ಮನೆಗಳಾಗಿ ವಿಂಗಡಿಸಲಾಗುತ್ತದೆ: ತನಗೂ ಇತರರಿಗೂ ಗೊತ್ತಿರುವುದು, ತನಗೆ ಮಾತ್ರ ಗೊತ್ತಿರುವುದು, ಇತರರಿಗೆ ಗೊತ್ತಿದ್ದು ತನಗೆ ಗೊತ್ತಿಲ್ಲದಿರುವುದು, ಯಾರಿಗೂ ಗೊತ್ತಿಲ್ಲದಿರುವುದು. ಮೂರನೆಯ ಮನೆಯನ್ನು ತುಂಬಲು ಸಹೋದ್ಯೋಗಿಗಳಿಗೆ ಚೀಟಿ ಕೊಟ್ಟಾಗ, ಈ ಲೇಖಕನ ಹೆಸರಿನಡಿ ಬಂದ ಚೀಟಿಗಳಲ್ಲಿ ಎರಡರ ಮೇಲೆ ಬೇರೆ ಬೇರೆ ಕೈಬರಹದಲ್ಲಿ ಒಂದೇ ಅರ್ಥದ ಮಾತಿತ್ತು: ಕೇಳುವ ಮೊದಲೇ ಉತ್ತರ ಕೊಡುತ್ತಾರೆ. ಹದಿನಾರು ವರ್ಷದ ಸೇವೆಯಲ್ಲಿ ಅದನ್ನು ಯಾರೂ ಅವನಿಗೆ ಹೇಳಿರಲಿಲ್ಲ.

ಪಾಲ್ ಹರ್ಸಿ ಮತ್ತು ಕೆನೆತ್ ಬ್ಲಾಂಚರ್ಡ್ 1969ರಲ್ಲಿ ಮುಂದಿಟ್ಟ ಸನ್ನಿವೇಶಾಧಾರಿತ ನಾಯಕತ್ವದ ವಿಚಾರವನ್ನೂ ಅಲ್ಲಿ ಪರಿಚಯಿಸಲಾಯಿತು. ಕೆಲಸ ಬಾರದ ಹೊಸಬರಿಗೆ ಹೇಳಿಕೊಡಬೇಕು, ಕೆಲಸ ಬಂದರೂ ಆತ್ಮವಿಶ್ವಾಸ ಕುಂದಿದವರ ಜೊತೆ ನಿಲ್ಲಬೇಕು, ಎರಡೂ ಇರುವವರಿಗೆ ಜವಾಬ್ದಾರಿ ಒಪ್ಪಿಸಿ ದೂರ ಸರಿಯಬೇಕು, ಎಲ್ಲರ ಮೇಲೂ ಒಂದೇ ಬಗೆಯ ಅಧಿಕಾರ ನಡೆಸಬಾರದು ಎಂಬುದು ಅದರ ತಿರುಳು. ಒಂದೇ ರೋಗಕ್ಕೆ ಎಲ್ಲ ರೋಗಿಗಳಿಗೂ ಒಂದೇ ಪ್ರಮಾಣದ ಔಷಧ ಬರೆಯದ ವೈದ್ಯರು ಎಲ್ಲ ಸಿಬ್ಬಂದಿಗೂ ಒಂದೇ ನೋಟಿಸ್ ಬರೆಯುತ್ತಿದ್ದುದು ಆಗ ಹೊಳೆಯಿತು. ಜಪಾನಿನ ಕವೊರು ಇಶಿಕಾವ ರೂಪಿಸಿದ ಮೀನಿನ ಮುಳ್ಳಿನ ಚಿತ್ರ ವೈದ್ಯರಿಗೆ ಬೇಗ ಒಲಿಯಿತು. ಸಮಸ್ಯೆಯನ್ನು ಮೀನಿನ ತಲೆಯ ಜಾಗದಲ್ಲಿ ಬರೆದು, ಜನ, ಯಂತ್ರ, ಸಾಮಗ್ರಿ, ಪದ್ಧತಿ, ಪರಿಸರ ಎಂದು ಕಾರಣಗಳನ್ನು ಮುಳ್ಳುಗಳಂತೆ ಜೋಡಿಸುತ್ತ ಹೋಗುವ ಈ ಕ್ರಮ, ಒಂದು ಜ್ವರಕ್ಕೆ ಇರಬಹುದಾದ ಹಲವು ಕಾರಣಗಳನ್ನು ಸಾಲಾಗಿ ಯೋಚಿಸುವ ರೋಗನಿರ್ಣಯದ ಅಭ್ಯಾಸಕ್ಕೆ ಬಹಳ ಹತ್ತಿರದ್ದು.

ಆದರೆ ತರಗತಿ ಮಾತ್ರವೇ ಆಗಿದ್ದರೆ ಈ ನೆನಪುಗಳಿಗೆ ಬರೆಯುವಷ್ಟು ತೂಕ ಇರುತ್ತಿರಲಿಲ್ಲ. ತರಬೇತಿಯ ಎರಡನೆಯ ಭಾಗದಲ್ಲಿ ಮಾರ್ಗದರ್ಶಕರೊಬ್ಬರು ಕೆಲವು ವಾರಗಳಿಗೊಮ್ಮೆ ತಾಲ್ಲೂಕಿಗೇ ಬಂದು, ಅಧಿಕಾರಿಯ ಜೊತೆ ಜೀಪಿನಲ್ಲಿ ಓಡಾಡಿ, ಸಭೆಗಳಲ್ಲಿ ಹಿಂದೆ ಕೂತು ನೋಡಿ, ಸಂಜೆ ಪ್ರವಾಸಿ ಮಂದಿರದ ಜಗುಲಿಯಲ್ಲಿ ಮಾತಾಡುತ್ತಿದ್ದರು. ಅವರೂ ವೈದ್ಯರೇ, ವಯಸ್ಸಿನಲ್ಲಿ ಹಿರಿಯರು, ಸಾರ್ವಜನಿಕ ಆರೋಗ್ಯವನ್ನೇ ಬದುಕಾಗಿಸಿಕೊಂಡವರು. ನೋಟಿಸುಗಳ ಕಡತವನ್ನು ಅವರ ಮುಂದಿಟ್ಟಾಗ ಅವರು ಓದಿ ಮುಗಿಸಿ ಕೇಳಿದ್ದು ಒಂದೇ ಪ್ರಶ್ನೆ: “ಇದನ್ನ ಕೊಟ್ಟ ಮೇಲೆ ಏನು ಬದಲಾಯ್ತು, ಡಾಕ್ಟ್ರೇ?” ಆ ಪ್ರಶ್ನೆಗೆ ಉತ್ತರವಿಲ್ಲದೆ ಕೂತ ಆ ಸಂಜೆಯೇ ತನ್ನ ವೃತ್ತಿಜೀವನದ ಮೊದಲರ್ಧ ಮುಗಿದ ಗಳಿಗೆ ಎಂದು ಈ ಲೇಖಕ ಇಂದಿಗೂ ನಂಬುತ್ತಾನೆ.

ಮರುವಾರ ಅದೇ ಕೇಂದ್ರಕ್ಕೆ ಹೋಗಿ, ಶೀತಕದ ಪಕ್ಕ ಎರಡು ಕುರ್ಚಿ ಹಾಕಿಸಿ, ಫಾರ್ಮಸಿಸ್ಟ್ ಜೊತೆ ಒಂದು ಗಂಟೆ ಕೂತಾಗ ಹೊರಬಂದ ಸಂಗತಿಗಳು ಯಾವ ಸಮಜಾಯಿಷಿಯಲ್ಲೂ ಇರಲಿಲ್ಲ. ಬೇಸಿಗೆಯಲ್ಲಿ ಆ ಊರಿನ ಲೋಡ್ ಶೆಡ್ಡಿಂಗ್ ವೇಳೆ ಬದಲಾಗಿ ಹಗಲಿಡೀ ವಿದ್ಯುತ್ ಬಂದು ಹೋಗಿ ಮಾಡುತ್ತಿತ್ತು. ವೋಲ್ಟೇಜ್ ಏರಿಳಿತಕ್ಕೆ ಸ್ಟೆಬಿಲೈಜರ್ ಸುಟ್ಟುಹೋಗಿತ್ತು. ಹೊಸದಕ್ಕಾಗಿ ಎರಡು ಸಲ ಇಂಡೆಂಟ್ ಹಾಕಿದರೂ ತಾಲ್ಲೂಕು ಕಚೇರಿಯಿಂದ, ಅಂದರೆ ಈ ಲೇಖಕನದೇ ಕಚೇರಿಯಿಂದ, ಉತ್ತರ ಬಂದಿರಲಿಲ್ಲ. ಹಿಂದೊಮ್ಮೆ ಆತ 11 ಡಿಗ್ರಿ ಎಂದು ನಿಜವನ್ನೇ ಬರೆದಾಗ ಆಗಿನ ಮೇಲಧಿಕಾರಿಯಿಂದ ನೋಟಿಸ್ ಬಂದಿತ್ತು. “ಸಾರ್, ಇದ್ದದ್ದನ್ನ ಬರೆದ್ರೂ ನೋಟಿಸು, ಬರೀದೇ ಇದ್ರೂ ನೋಟಿಸು. ನಾಲ್ಕು ಅಂತ ಬರೆದ್ರೆ ಮಾತ್ರ ಯಾರೂ ಏನೂ ಕೇಳಲ್ಲ” ಎಂದು ಆತ ತಲೆ ತಗ್ಗಿಸಿಕೊಂಡೇ ಹೇಳಿದ. ಸುಳ್ಳು ಅಂಕಿ ಒಬ್ಬ ನೌಕರನ ಅಪ್ರಾಮಾಣಿಕತೆಯಿಂದ ಹುಟ್ಟಿದ್ದೆಂದು ತಿಳಿದಿದ್ದ ಅಧಿಕಾರಿಗೆ, ಅದನ್ನು ಹುಟ್ಟಿಸಿದ್ದು ತಾನೂ ಸೇರಿದಂತೆ ಮೇಲೆ ಕೂತವರ ಕಿವುಡುತನ ಎಂಬುದು ಆ ಮಾತಿನಿಂದ ಗೊತ್ತಾಯಿತು. ಮುಕ್ತ ನಿಧಿಯಿಂದ ಆ ವಾರವೇ ಸ್ಟೆಬಿಲೈಜರ್ ಖರೀದಿಯಾಯಿತು. ಉಷ್ಣತೆ ಏರಿದೆ ಎಂದು ನಿಜ ಬರೆದು ಫೋನ್ ಮಾಡಿದವರಿಗೆ ನೋಟಿಸ್ ಇಲ್ಲ, ಲಸಿಕೆಯನ್ನು ಪಕ್ಕದ ಕೇಂದ್ರಕ್ಕೆ ಸಾಗಿಸಲು ವಾಹನ ಕಳುಹಿಸಲಾಗುವುದು ಎಂದು ಮಾಸಿಕ ಸಭೆಯಲ್ಲಿ ಎಲ್ಲರೆದುರು ಹೇಳಲಾಯಿತು. ಮುಂದಿನ ತಿಂಗಳುಗಳ ಪುಸ್ತಕಗಳಲ್ಲಿ 5, 7, 6, 9, ಮತ್ತೆ 5 ಎಂದು ಅಂಕಿಗಳು ಮೇಲೆ ಕೆಳಗೆ ಆಡತೊಡಗಿದವು, ಶಾಯಿ ಬದಲಾಗತೊಡಗಿತು, ಒಂದು ದಿನ ಅಂಚಿನಲ್ಲಿ ‘ಕರೆಂಟ್ ಇಲ್ಲ, ಸಾಹೇಬರಿಗೆ ಫೋನ್ ಮಾಡಿದೆ’ ಎಂಬ ಟಿಪ್ಪಣಿಯೂ ಕಾಣಿಸಿತು. ಆ ತಾಲ್ಲೂಕಿನಲ್ಲಿ ಕಳೆದ ವರ್ಷಗಳಲ್ಲಿ ಈ ಲೇಖಕನಿಗೆ ಅತ್ಯಂತ ತೃಪ್ತಿ ಕೊಟ್ಟ ದಾಖಲೆ ಅದೇ.

ಮಾಸಿಕ ಸಭೆಯ ರೂಪವೂ ನಿಧಾನವಾಗಿ ಬದಲಾಯಿತು. ಅದುವರೆಗೆ ಮುಂದಿನ ಸಾಲಿನಲ್ಲಿ ವೈದ್ಯರು, ನಡುವೆ ಹಿರಿಯ ಆರೋಗ್ಯ ಸಹಾಯಕರು, ಗೋಡೆಗೆ ಒರಗಿದ ಬೆಂಚುಗಳಲ್ಲಿ ಮಡಿಲಲ್ಲಿ ರಿಜಿಸ್ಟರ್ ಇಟ್ಟುಕೊಂಡ ಸಿಸ್ಟರುಗಳು, ಅಂದರೆ ಆರೋಗ್ಯ ಸಹಾಯಕಿಯರು, ಕೂರುತ್ತಿದ್ದರು. ಆರೋಗ್ಯಾಧಿಕಾರಿ ಗುರಿ ಮತ್ತು ಸಾಧನೆಯ ಶೇಕಡಾವಾರು ಪಟ್ಟಿ ಓದುತ್ತಿದ್ದ, ಕಡಿಮೆ ಬಂದವರು ಎದ್ದು ನಿಲ್ಲುತ್ತಿದ್ದರು. ಮಾರ್ಗದರ್ಶಕರ ಸಲಹೆಯಂತೆ ಮೊದಲ ಅರ್ಧ ಗಂಟೆಯನ್ನು ಸಿಸ್ಟರುಗಳಿಗೇ ಬಿಟ್ಟುಕೊಟ್ಟಾಗ, ಮೊದಲ ಎರಡು ಸಭೆಗಳಲ್ಲಿ ಯಾರೂ ಬಾಯಿ ಬಿಡಲಿಲ್ಲ. ಮೂರನೆಯ ಸಭೆಯಲ್ಲಿ ನಿವೃತ್ತಿಯ ಹೊಸ್ತಿಲಲ್ಲಿದ್ದ ಸಿಸ್ಟರೊಬ್ಬರು ಎದ್ದು, ತಮ್ಮ ಉಪಕೇಂದ್ರದಲ್ಲಿ ಹೆರಿಗೆಗೆ ಬಂದವರಿಗೆ ಕುಡಿಯುವ ನೀರೂ ಇಲ್ಲವೆಂದು ಹೇಳಿದರು. ಅಲ್ಲಿಂದಾಚೆ ಮಾತು ನಿಲ್ಲಲಿಲ್ಲ.

ಈ ತರಬೇತಿ ವೈದ್ಯರ ವೃತ್ತಿಜೀವನದ ದಾರಿಯನ್ನು ಹೇಗೆ ತಿರುಗಿಸಿತೆಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಅಂದು ಜೊತೆಯಲ್ಲಿ ಕಲಿತವರಲ್ಲಿ ಒಬ್ಬರು ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು ಜಿಲ್ಲಾ ಮಟ್ಟದ ಹುದ್ದೆಗೆ ಏರಿದರು. ಇನ್ನೊಬ್ಬರು, ಒಳ್ಳೆಯ ಕೈಗುಣದ ಸ್ತ್ರೀರೋಗ ತಜ್ಞೆ, ಆಡಳಿತದ ಕುರ್ಚಿಯನ್ನು ಬಿಟ್ಟು ಹೆರಿಗೆ ಕೋಣೆಗೇ ಮರಳಿದರು; ತನಗೆ ನಾಯಕತ್ವ ಬೇಕಿರುವುದು ತನ್ನ ಹೆರಿಗೆ ಕೋಣೆಯೊಳಗೆ ಎಂಬುದನ್ನು ತರಬೇತಿಯೇ ತೋರಿಸಿಕೊಟ್ಟಿತೆಂದು ಅವರು ಹೇಳುತ್ತಿದ್ದರು, ಮತ್ತು ಆ ಕೋಣೆಯ ದಾದಿಯರು ಅವರನ್ನು ಇಂದಿಗೂ ನೆನೆಯುತ್ತಾರೆ. ಮತ್ತೊಬ್ಬರು ಕಲಿತದ್ದನ್ನು ಮಾಡಲು ಹೋಗಿ ಮೇಲಿನವರ ಮುನಿಸಿಗೆ ಗುರಿಯಾಗಿ ಸೇವೆಯನ್ನೇ ತೊರೆದರು. ಈ ಲೇಖಕನ ಮಟ್ಟಿಗೆ ಅತ್ಯಂತ ನೋವಿನ ಬೆಲೆ ತನ್ನ ವೈದ್ಯಕೀಯ ಕೈಚಳಕವನ್ನು ಕಳೆದುಕೊಂಡದ್ದು. ಹದಿನಾಲ್ಕು ವರ್ಷ ದಿನವೂ ರೋಗಿಗಳನ್ನು ಮುಟ್ಟಿ ನೋಡಿದ ಕೈ ಕಡತ ಹಿಡಿಯತೊಡಗಿದ ಮೇಲೆ, ಎದೆಗೆ ಸ್ಟೆಥೊಸ್ಕೋಪ್ ಇಟ್ಟಾಗ ಕೇಳಿಸುವ ಸಣ್ಣ ಮರ್ಮರವನ್ನು ಗುರುತಿಸುವ ಆತ್ಮವಿಶ್ವಾಸ ವರ್ಷದಿಂದ ವರ್ಷಕ್ಕೆ ಕರಗಿತು. ಆಡಳಿತಕ್ಕೆ ಬರುವ ವೈದ್ಯರು ವಾರಕ್ಕೆ ಒಂದೆರಡು ದಿನವಾದರೂ ಹೊರರೋಗಿ ವಿಭಾಗದಲ್ಲಿ ಕೂರಬೇಕೆಂಬುದು ಅವನ ದೃಢ ಅಭಿಪ್ರಾಯ. ರೋಗಿಯಿಂದ ದೂರವಾದ ಮುಂದಾಳಿಗೆ ಸಿಬ್ಬಂದಿಯ ಕಷ್ಟವೂ ದೂರದಿಂದಲೇ ಕಾಣುತ್ತದೆ.

ವೈಯಕ್ತಿಕ ನೆನಪನ್ನು ಅಧ್ಯಯನಗಳ ಪಕ್ಕದಲ್ಲಿಟ್ಟು ನೋಡಿದರೆ ಕೆಲವು ಸಂಗತಿಗಳು ಇನ್ನಷ್ಟು ಸ್ಪಷ್ಟವಾಗುತ್ತವೆ. ಇದೇ ಕಾಲದಲ್ಲಿ ತುಮಕೂರು ಜಿಲ್ಲೆಯಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಮಟ್ಟದ ಆರೋಗ್ಯ ನಿರ್ವಾಹಕರಿಗಾಗಿ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಮುಂತಾದ ಸಂಸ್ಥೆಗಳು ತರಗತಿ ಮತ್ತು ಸ್ಥಳದಲ್ಲೇ ಮಾರ್ಗದರ್ಶನ ಎರಡನ್ನೂ ಸೇರಿಸಿದ ಸಾಮರ್ಥ್ಯವರ್ಧನ ಕಾರ್ಯಕ್ರಮವೊಂದನ್ನು ನಡೆಸಿದವು. ಅದನ್ನು ಎನ್. ಎಸ್. ಪ್ರಶಾಂತ್ ಮತ್ತು ಸಂಗಡಿಗರು ವಾಸ್ತವವಾದಿ ಮೌಲ್ಯಮಾಪನ ಎಂಬ ವಿಧಾನದಿಂದ ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಕನ್ನಡ ನಾಡಿನಿಂದ ಬಂದ ಮಹತ್ವದ ಕೆಲಸ. ಒಂದು ಕಾರ್ಯಕ್ರಮ ಫಲಿಸಿತೇ ಇಲ್ಲವೇ ಎಂದಷ್ಟೇ ಕೇಳದೆ, ಯಾರಿಗೆ, ಯಾವ ಸನ್ನಿವೇಶದಲ್ಲಿ, ಏಕೆ ಫಲಿಸಿತು ಎಂದು ಕೇಳುವ ವಿಧಾನ ಅದು. ಒಂದೇ ತರಬೇತಿ ಒಂದು ತಾಲ್ಲೂಕಿನಲ್ಲಿ ಬದಲಾವಣೆ ತಂದು ಇನ್ನೊಂದರಲ್ಲಿ ತರದೆ ಹೋದದ್ದನ್ನೂ, ಕಲಿತವರ ಬದ್ಧತೆ, ಅವರ ಆತ್ಮವಿಶ್ವಾಸ, ಸುತ್ತಲಿನ ವ್ಯವಸ್ಥೆಯ ಬೆಂಬಲ ಇವು ಒಂದಕ್ಕೊಂದು ಹೊಂದಿಕೊಂಡಾಗಲಷ್ಟೇ ಕಲಿಕೆ ಕೆಲಸವಾಗುವುದನ್ನೂ ಅದು ತೋರಿಸಿತು. ತರಬೇತಿ ಒಂದು ಬೀಜವಾದರೆ ನೆಲವೂ ಹದವಾಗಿರಬೇಕು ಎಂದು ಹಳ್ಳಿಯ ರೈತ ಹೇಳಬಹುದಾದದ್ದನ್ನು ಆ ಅಧ್ಯಯನ ಪುರಾವೆಯೊಂದಿಗೆ ಹೇಳಿದೆ.

ಹೊರದೇಶಗಳ ಅನುಭವವೂ ಇದಕ್ಕಿಂತ ಬಹಳ ಬೇರೆಯಲ್ಲ. ಯಾನ್ ಫ್ರಿಕ್ ಮತ್ತು ಸಂಗಡಿಗರು 2015ರಲ್ಲಿ ವೈದ್ಯರ ನಾಯಕತ್ವ ತರಬೇತಿಗಳ ಬಗ್ಗೆ ಆವರೆಗೆ ಬಂದಿದ್ದ 45 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಹೆಚ್ಚಿನವು ಕಲಿತವರು ತಮ್ಮ ಬಗ್ಗೆ ತಾವೇ ಹೇಳಿಕೊಂಡ ಪ್ರಗತಿಯನ್ನು ಅಳೆದಿದ್ದವು. ಆಸ್ಪತ್ರೆಯ ಅಥವಾ ಸಂಸ್ಥೆಯ ಮಟ್ಟದಲ್ಲಿ ಸುಧಾರಣೆಯನ್ನು ದಾಖಲಿಸಿದ್ದವು ಆರು ಮಾತ್ರ. ಅಮಾಂಡಾ ಗುಡಾಲ್ 2011ರಲ್ಲಿ ಪ್ರಕಟಿಸಿದ ಅಧ್ಯಯನ, ಅಮೆರಿಕದ ಉನ್ನತ ಶ್ರೇಣಿಯ ಆಸ್ಪತ್ರೆಗಳಲ್ಲಿ ಮುಖ್ಯಸ್ಥರು ವೈದ್ಯರಾಗಿರುವ ಕಡೆ ಗುಣಮಟ್ಟದ ಅಂಕಗಳು ಸುಮಾರು ಶೇ. 25ರಷ್ಟು ಹೆಚ್ಚಿರುವುದನ್ನು ಗುರುತಿಸಿತು. ಒಳ್ಳೆಯ ಆಸ್ಪತ್ರೆಗಳೇ ವೈದ್ಯರನ್ನು ಮುಖ್ಯಸ್ಥರನ್ನಾಗಿ ಆರಿಸಿಕೊಳ್ಳುವ ಸಾಧ್ಯತೆಯೂ ಇರುವುದರಿಂದ ಇದನ್ನು ಕಾರಣ ಎನ್ನದೆ ಸಂಬಂಧ ಎಂದಷ್ಟೇ ಓದಬೇಕು. ಆದರೂ ವೈದ್ಯರು ಆಡಳಿತಕ್ಕೆ ಹೇಳಿ ಮಾಡಿಸಿದವರಲ್ಲ ಎಂಬ ಮಾತನ್ನು ಕೇಳಿ ಬೇಸತ್ತವರಿಗೆ ಅದು ಬಲ ಕೊಟ್ಟಿತು.

ನೆಲ ಹದವಾಗದಿರಲು ಕರ್ನಾಟಕದಲ್ಲಿ ಇದ್ದ ಮುಖ್ಯ ಕಾರಣ ವರ್ಗಾವಣೆ ಎಂದು ಈ ಲೇಖಕ ಭಾವಿಸುತ್ತಾನೆ. ತರಬೇತಿ ಪಡೆದ ಅಧಿಕಾರಿ ತನ್ನ ತಂಡವನ್ನು ಕಟ್ಟಿಕೊಳ್ಳುವ ಹೊತ್ತಿಗೆ ಬೇರೆ ತಾಲ್ಲೂಕಿಗೆ ಹೋಗುತ್ತಿದ್ದ, ಅವನ ಜಾಗಕ್ಕೆ ಆ ತರಬೇತಿಯ ಭಾಷೆಯೇ ಗೊತ್ತಿಲ್ಲದ ಇನ್ನೊಬ್ಬರು ಇನ್‌ಚಾರ್ಜ್ ಆಗಿ ಬರುತ್ತಿದ್ದರು. 2011ರಲ್ಲಿ ವೈದ್ಯಾಧಿಕಾರಿಗಳ ವರ್ಗಾವಣೆಯನ್ನು ನಿಯಂತ್ರಿಸಲೆಂದೇ ರಾಜ್ಯದಲ್ಲಿ ಕಾಯ್ದೆಯೊಂದು ಬಂದದ್ದು ಸಮಸ್ಯೆಯ ಆಳಕ್ಕೆ ಸಾಕ್ಷಿ. ಇನ್ನೊಂದು ಕಾರಣ, ಚಿಕಿತ್ಸೆ ನೀಡುವ ವೈದ್ಯರಿಗೂ ಸಾರ್ವಜನಿಕ ಆರೋಗ್ಯವನ್ನು ಮುನ್ನಡೆಸುವ ವೈದ್ಯರಿಗೂ ಬೇರೆ ಬೇರೆ ಏಣಿ ಇಲ್ಲದಿದ್ದುದು. ಪಕ್ಕದ ತಮಿಳುನಾಡಿನಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ನಿರ್ದೇಶನಾಲಯವೂ ಅದರದೇ ವೃಂದವೂ ಬಹಳ ಹಿಂದಿನಿಂದ ಇವೆ, 1939ರಷ್ಟು ಹಿಂದೆಯೇ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯ್ದೆ ಅಲ್ಲಿ ಜಾರಿಗೆ ಬಂದಿತ್ತು. 2017ರ ರಾಷ್ಟ್ರೀಯ ಆರೋಗ್ಯ ನೀತಿ ಎಲ್ಲ ರಾಜ್ಯಗಳಲ್ಲೂ ಸಾರ್ವಜನಿಕ ಆರೋಗ್ಯ ನಿರ್ವಹಣೆಯ ವೃಂದ ಇರಬೇಕೆಂದು ಹೇಳಿತು, 2022ರಲ್ಲಿ ಕೇಂದ್ರ ಸರ್ಕಾರ ಅದಕ್ಕೆ ಮಾರ್ಗಸೂಚಿಗಳನ್ನೂ ಹೊರಡಿಸಿತು.

ಈ ಎರಡರ ನಡುವೆ 2020 ಬಂತು. ಆ ವರ್ಷದ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ಕರ್ನಾಟಕದ ಕಲಬುರಗಿಯಲ್ಲಿ. ಮುಂದಿನ ತಿಂಗಳುಗಳಲ್ಲಿ ಪ್ರತಿ ತಾಲ್ಲೂಕು ಆರೋಗ್ಯಾಧಿಕಾರಿ ಕಂದಾಯ, ಪೊಲೀಸ್, ಪಂಚಾಯಿತಿ ಅಧಿಕಾರಿಗಳ ಜೊತೆ ಕೂತು, ಹೆದರಿದ ಸಿಬ್ಬಂದಿಯನ್ನು ಹೆದರಿದ ಜನರ ಮನೆಗೆ ಕಳುಹಿಸಬೇಕಾಯಿತು. ಆಶಾ ಕಾರ್ಯಕರ್ತೆಯೊಬ್ಬಳು ಮನೆಯಲ್ಲಿ ಕೈಗೂಸನ್ನು ಬಿಟ್ಟು, ಮುಖಕ್ಕೆ ಬಟ್ಟೆಯ ಮಾಸ್ಕ್ ಕಟ್ಟಿಕೊಂಡು, ಬಾಗಿಲು ತೆರೆಯದ ಬೀದಿಯಲ್ಲಿ ನಿಂತು ಜ್ವರ ಇದೆಯೇ ಎಂದು ಕೇಳುವಾಗ ಅವಳನ್ನು ಅಲ್ಲಿ ನಿಲ್ಲಿಸಿದ್ದು ಯಾವ ನೋಟಿಸೂ ಆಗಿರಲಿಲ್ಲ. ತನ್ನ ಹಿಂದೆ ಡಾಕ್ಟರು ಇದ್ದಾರೆ, ಫೋನ್ ಮಾಡಿದರೆ ಎತ್ತುತ್ತಾರೆ ಎಂಬ ಭರವಸೆ. ಆಗ ಜಿಲ್ಲಾ ಮಟ್ಟದ ಹುದ್ದೆಯಲ್ಲಿದ್ದ ಈ ಲೇಖಕ ಗಮನಿಸಿದ್ದೆಂದರೆ, ಕೆಟ್ಟ ಸುದ್ದಿಯನ್ನು ಬೇಗ ಮತ್ತು ನಿಜವಾಗಿ ಮೇಲಕ್ಕೆ ಕಳುಹಿಸಿದ ತಾಲ್ಲೂಕುಗಳೆಂದರೆ ಸಿಬ್ಬಂದಿ ತಮ್ಮ ಅಧಿಕಾರಿಗೆ ಹೆದರದೆ ಮಾತಾಡಬಲ್ಲ ತಾಲ್ಲೂಕುಗಳೇ.

2019ರಿಂದ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮ, ಭಾರತೀಯ ವೈದ್ಯ ಪದವೀಧರ ಹೊರಬೇಕಾದ ಐದು ಪಾತ್ರಗಳಲ್ಲಿ ಆರೋಗ್ಯ ತಂಡದ ನಾಯಕ ಮತ್ತು ಸದಸ್ಯ ಎಂಬುದನ್ನೂ ಒಂದಾಗಿ ಹೆಸರಿಸಿದೆ. ಮನೋಭಾವ, ನೀತಿ ಮತ್ತು ಸಂವಹನಕ್ಕಾಗಿ ಪ್ರತ್ಯೇಕ ಪಾಠಗಳನ್ನೂ ಸೇರಿಸಿದೆ. ಆ ಪಠ್ಯ ಓದಿ ಹೊರಬಂದ ಹುಡುಗ ಹುಡುಗಿಯರು ಈಗ ಆರೋಗ್ಯ ಕೇಂದ್ರಗಳಲ್ಲಿ ಅಧಿಕಾರ ವಹಿಸಿಕೊಳ್ಳುವ ಕಾಲ. ಅವರಲ್ಲಿ ಈ ಲೇಖಕನ ವಿನಂತಿ ಇಷ್ಟೇ: ಚಾರ್ಜ್ ಪಟ್ಟಿಗೆ ಸಹಿ ಹಾಕುವ ಮೊದಲು ಶೀತಕದ ಮೇಲಿರುವ ತಾಪಮಾನದ ಪುಸ್ತಕವನ್ನು ತೆರೆದು ನೋಡಿ. ಅಂಕಿಗಳೆಲ್ಲ ಒಂದೇ ಆಗಿದ್ದರೆ ಪೆನ್ನು ಎತ್ತಿಕೊಳ್ಳಬೇಡಿ. ಅದನ್ನು ಬರೆದವರ ಪಕ್ಕ ಒಂದು ಕುರ್ಚಿ ಎಳೆದುಕೊಂಡು ಕೂತು, ಅವರು ಮಾತಾಡುವವರೆಗೆ ಕಾಯಿರಿ.